(ಇ) ಉದ್ಭವಿಸುವುದಿಲ್ಲ

ಬೋಪಾಲ್ ಎಂದರೆ ಮಧ್ಯಪ್ರದೇಶದ ರಾಜಧಾನಿ ಅಲ್ಲ. ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿ ನೋಡನೋಡುತ್ತಲೇ ಅಪಾರ್ಟ್‌ಮೆಂಟುಗಳೆದ್ದು ಊರೆಲ್ಲ ಲಿಫ್ಟು ಹತ್ತಿ, 2020ರಲ್ಲಿ ಮಹಾನಗರ ಪಾಲಿಕೆಯ ಹೊಟ್ಟೆ ಸೇರಿದ ಬೋಪಾಲ್. ಖಾಸಗಿ ಕಂಪನಿಯೊಂದು ಬಾಹ್ಯಾಕಾಶಕ್ಕೆ ಹೋಗಬೇಕೆಂದರೆ ಇಲ್ಲಿಗೆ ಬಂದು ಅನುಮತಿ ಪಡೆಯಬೇಕು. ಇನ್-ಸ್ಪೇಸ್ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ ಇದೆ; 2022ರ ಜೂನ್‌ನಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿ ಹೋದರು. ಇಷ್ಟೆಲ್ಲ ಭಾಗ್ಯವಿರುವ ಬೋಪಾಲಿನ ನಿವಾಸಿಗೆ ಒಂದೇ ಒಂದು ಕೊರತೆ. ಅವನ ಪರವಾಗಿ ಲೋಕಸಭೆಯಲ್ಲಿ ಮಂತ್ರಿಗೆ ಪ್ರಶ್ನೆ ಕೇಳುವವರು ಇಲ್ಲ.

ಸಂಸದರು ಇಲ್ಲವೆಂದಲ್ಲ. ಇರುವವರು ಬಹಳ ದೊಡ್ಡವರಾದದ್ದೇ ತೊಂದರೆ. ಬೋಪಾಲ್ ಸೇರಿರುವುದು ಗಾಂಧಿನಗರ ಕ್ಷೇತ್ರಕ್ಕೆ. 2019ರಿಂದ ಅದರ ಸಂಸದರು ಕೇಂದ್ರ ಗೃಹ ಸಚಿವ ಅಮಿತ್ ಶಾ. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಹಿಂದೆ ಈ ಕ್ಷೇತ್ರದಿಂದ ಪದೇಪದೇ ಗೆದ್ದ ಎಲ್.ಕೆ. ಅಡ್ವಾಣಿಯವರೂ ಒಂದು ಕಾಲಕ್ಕೆ ಗೃಹ ಸಚಿವರೇ. ಒಟ್ಟಿನಲ್ಲಿ ಉತ್ತರ ಕೊಡಬೇಕಾದವರನ್ನು ಆರಿಸಿ ಕಳಿಸುವ ಯೋಗ ಈ ನೆಲದ್ದು. ಪ್ರಶ್ನೆ ಇದ್ದವರು ಪಕ್ಕದ ಕ್ಷೇತ್ರದ ಸಂಸದರ ಬಾಗಿಲು ತಟ್ಟಿ ಒಂದು ಪ್ರಶ್ನೆ ಕಡ ಕೇಳಬೇಕು.

ಹಾಗೆ ಕಡ ತರಬೇಕಾದ ವಸ್ತು ಎಂಥದ್ದು? ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಿಬಿಡಬೇಕು, ಉಪಪ್ರಶ್ನೆಗಳ ಪೆಟ್ಟು ತಿನ್ನಬೇಕು. ಚುಕ್ಕೆ ಇಲ್ಲದಿದ್ದರೆ ಬರವಣಿಗೆಯಲ್ಲಿ ಉತ್ತರ ಕೊಟ್ಟರಾಯಿತು; ಸದನದ ಮೇಜಿನ ಮೇಲೆ ಇಟ್ಟರಾಯಿತು. ಮೇಜು ಉಪಪ್ರಶ್ನೆ ಕೇಳುವುದಿಲ್ಲ. ಮಂತ್ರಿಗಳಿಗೆ ಯಾವ ಜಾತಿಯ ಪ್ರಶ್ನೆ ಹೆಚ್ಚು ಪ್ರಿಯ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ಆ ಚುಕ್ಕೆ ಇಲ್ಲದ ಬಡಪ್ರಶ್ನೆಯೇ ಪ್ರಜಾಪ್ರಭುತ್ವದ ಅತ್ಯಂತ ಅಗ್ಗದ, ಅತ್ಯಂತ ಹರಿತವಾದ ಸಲಕರಣೆ. ಘೋಷಣೆ ಕೂಗಬೇಕಿಲ್ಲ, ಸದನದ ಬಾವಿಗಿಳಿಯಬೇಕಿಲ್ಲ, ಟಿವಿ ಕ್ಯಾಮೆರಾ ಬೇಕಿಲ್ಲ. 150 ಪದದೊಳಗೆ ಬರೆದು, ಹದಿನೈದು ದಿನ ಮೊದಲು ಕೊಟ್ಟರೆ, ಇಡೀ ಒಂದು ಸಚಿವಾಲಯ ಕಡತ ತೆರೆಯಬೇಕು. ಉಪಕಾರ್ಯದರ್ಶಿ ಓಡಬೇಕು, ಜಂಟಿ ಕಾರ್ಯದರ್ಶಿ ತಿದ್ದಬೇಕು, ಮಂತ್ರಿ ಸಹಿ ಹಾಕಬೇಕು. ಬರೆದದ್ದು ದಾಖಲೆಯಾಗಿ ಉಳಿಯುತ್ತದೆ. ನಾಳೆ ನಾನು ಹಾಗೆ ಹೇಳಲೇ ಇಲ್ಲ ಅನ್ನುವಂತಿಲ್ಲ. ಭಾಷಣದಲ್ಲಿ ಸುಳ್ಳು ಹೇಳಿದರೆ ಅದು ರಾಜಕೀಯ; ಲಿಖಿತ ಉತ್ತರದಲ್ಲಿ ಹೇಳಿದರೆ ಹಕ್ಕುಚ್ಯುತಿ. ಆದ್ದರಿಂದ ನಮ್ಮ ಸಚಿವಾಲಯಗಳು ಸುಳ್ಳು ಹೇಳುವ ಗೋಜಿಗೆ ಹೋಗುವುದಿಲ್ಲ. ಅವು ಏನನ್ನೂ ಹೇಳದಿರುವ ವಿದ್ಯೆಯನ್ನು ಸಾಧಿಸಿವೆ.

ಕೇಳುವವನಿಗೆ ಎಷ್ಟು ಕಟ್ಟುಪಾಡು ನೋಡಿ. ಲೋಕಸಭೆಯ ನಿಯಮ 41 ಹೇಳುತ್ತದೆ: ಪ್ರಶ್ನೆಯಲ್ಲಿ ವಾದ ಇರಕೂಡದು, ಊಹೆ ಇರಕೂಡದು, ಆರೋಪ ಇರಕೂಡದು, ವ್ಯಂಗ್ಯೋಕ್ತಿ ಇರಕೂಡದು. ಹೌದು, ವ್ಯಂಗ್ಯಕ್ಕೆ ಸಂಸತ್ತಿನಲ್ಲಿ ಲಿಖಿತ ನಿಷೇಧವಿದೆ. ಕ್ಷುಲ್ಲಕ ವಿಷಯ ಕೇಳಬಾರದು. ಈಗಾಗಲೇ ಉತ್ತರ ಕೊಟ್ಟದ್ದನ್ನು ಮತ್ತೆ ಕೇಳಬಾರದು. ಉತ್ತರ ಕೊಡಲು ನಿರಾಕರಿಸಿದ್ದನ್ನೂ ಮತ್ತೆ ಕೇಳಬಾರದು. ಉತ್ತರ ಬರೆಯುವವರ ಮೇಲೆ ಇಂಥ ಉದ್ದನೆಯ ಪಟ್ಟಿ ಯಾವುದೂ ಇಲ್ಲ. ಆದ್ದರಿಂದ ಪ್ರಶ್ನೆಯಿಂದ ಹೊರದಬ್ಬಿಸಿಕೊಂಡ ವ್ಯಂಗ್ಯ ಸೀದಾ ಹೋಗಿ ಉತ್ತರದಲ್ಲಿ ಬಿಡಾರ ಹೂಡಿದೆ.

ಉದಾಹರಣೆಗೆ ನಮ್ಮ ಬುಲೆಟ್ ರೈಲು. 2017ರ ಸೆಪ್ಟೆಂಬರ್ 14ರಂದು ಅಹಮದಾಬಾದಿನ ಸಾಬರಮತಿಯಲ್ಲಿ ಪ್ರಧಾನಿ ಮೋದಿ ಮತ್ತು ಜಪಾನಿನ ಪ್ರಧಾನಿ ಶಿಂಜೊ ಅಬೆ ಶಂಕುಸ್ಥಾಪನೆ ಮಾಡಿದರು. 508 ಕಿಲೋಮೀಟರ್, 12 ನಿಲ್ದಾಣ, 1,08,000 ಕೋಟಿ ರೂಪಾಯಿ. ಮುಂಬೈಯಿಂದ ಹೊರಟು ಸೂರತ್, ವಡೋದರ, ಅಹಮದಾಬಾದ್ ದಾಟಿ ಸಾಬರಮತಿಗೆ. ಸ್ವಾತಂತ್ರ್ಯದ 75ನೇ ವರ್ಷ, 2022ರ ಆಗಸ್ಟ್ 15ಕ್ಕೆ ಓಡಿಸುವ ಪ್ರಯತ್ನ ಎಂದರು. ಕಾಗದದ ಮೇಲಿನ ಗಡುವು 2023ರ ಡಿಸೆಂಬರ್. ಆಮೇಲೆ ಸೂರತ್‌ನಿಂದ ಬಿಲಿಮೋರಾದವರೆಗಿನ ತುಂಡು 2026ಕ್ಕೆ ಎಂದರು. ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಓಡಬೇಕಾದ ರೈಲಿನ ಗಡುವು ಮಾತ್ರ ಈಗಾಗಲೇ ಅದೇ ವೇಗದಲ್ಲಿ ಓಡುತ್ತಿದೆ.

ಸಂಸದರು ಬಿಡಲಿಲ್ಲ. ಅಧಿವೇಶನ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿದರು: ಯಾವಾಗ ಮುಗಿಯುತ್ತದೆ? 2025ರ ಜುಲೈನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದ ಸಾರ ಇಷ್ಟು. ಇದು ಬಹಳ ಸಂಕೀರ್ಣವಾದ, ತಂತ್ರಜ್ಞಾನ ತುಂಬಿದ ಯೋಜನೆ. ಸಿವಿಲ್ ಕಾಮಗಾರಿ, ಹಳಿ, ವಿದ್ಯುತ್, ಸಿಗ್ನಲ್, ದೂರಸಂಪರ್ಕ, ರೈಲುಗಳ ಪೂರೈಕೆ ಎಲ್ಲ ಮುಗಿದ ಮೇಲೆ ಯೋಜನೆ ಯಾವಾಗ ಮುಗಿಯುತ್ತದೆ ಎಂದು ಖಚಿತವಾಗಿ ತಿಳಿಯಬಹುದು.

ಇನ್ನೊಮ್ಮೆ ಓದಿ. ಮುಗಿದ ಮೇಲೆ ಯಾವಾಗ ಮುಗಿಯುತ್ತದೆ ಎಂದು ಗೊತ್ತಾಗುತ್ತದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮದುವೆಯಾದ ಮೇಲೆ ಮುಹೂರ್ತ ಹೇಳುವ ಪುರೋಹಿತರ ಮಾತನ್ನು ಅಲ್ಲಗಳೆಯಲು ಯಾರಿಂದ ಸಾಧ್ಯ? ಅದೇ ಉತ್ತರದಲ್ಲಿ ವಾಪಿಯಿಂದ ಸಾಬರಮತಿವರೆಗಿನ ಭಾಗ 2027ರ ಡಿಸೆಂಬರ್‌ಗೆ, ಪೂರ್ತಿ ಯೋಜನೆ 2029ರ ಡಿಸೆಂಬರ್‌ಗೆ ಎಂಬ ದಿನಾಂಕಗಳೂ ಇದ್ದವು. ದಿನಾಂಕವೂ ಇದೆ, ದಿನಾಂಕ ಹೇಳಲಾಗದು ಎಂಬ ಮಾತೂ ಇದೆ. ನಾಳೆ ಎರಡರಲ್ಲಿ ಯಾವುದು ನಿಜವಾದರೂ ಸಚಿವಾಲಯ ಮೊದಲೇ ಹೇಳಿತ್ತು.

ಕನ್ನಡಿಗರು ಇದನ್ನು ಓದಿ ಗುಜರಾತಿನವರ ಮೇಲೆ ಮರುಕಪಡುವ ಅಗತ್ಯವಿಲ್ಲ. ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲಿಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ಆದಾಗ ನಲವತ್ತು ತಿಂಗಳು ಎಂದಿದ್ದರು. ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಸರಿಯಾಗಿ, ಒಂದು ದಿನವೂ ತಡವಾಗದೆ ಬಂತು. ರೈಲು ಬರಲಿಲ್ಲ. ಇನ್ನು 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗದ ಬಗ್ಗೆ ಪ್ರಶ್ನೆ ಕೇಳುತ್ತಲೇ ಮುದುಕರಾದ ಜನಪ್ರತಿನಿಧಿಗಳಿದ್ದಾರೆ. ಉತ್ತರ ಬರೆಯುತ್ತಲೇ ನಿವೃತ್ತರಾದ ಅಧಿಕಾರಿಗಳಿದ್ದಾರೆ. ಘಟ್ಟ ಇಳಿಯಬೇಕಾದ ರೈಲೊಂದು ಬಿಟ್ಟು ಉಳಿದೆಲ್ಲ ಇಳಿದಿದೆ.

ಉತ್ತರ ಬರೆಯುವ ಈ ಕಲೆಗೆ ಕರ್ನಾಟಕದಲ್ಲಿ ಒಂದು ಸೊಗಸಾದ ನಮೂನೆಯೇ ಇದೆ. ವಿಧಾನಸೌಧದಿಂದ ಹೊರಡುವ ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಎಡಗಡೆ ಶಾಸಕರು ಹೀಗೆ ಬರೆದಿರುತ್ತಾರೆ: (ಅ) ಇಂಥ ತಾಲ್ಲೂಕಿನ ಶಾಲಾ ಕಟ್ಟಡಗಳು ಶಿಥಿಲವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು, (ಇ) ಕೈಗೊಳ್ಳದಿದ್ದಲ್ಲಿ, ಕಾರಣವೇನು? (ಸಂಪೂರ್ಣ ವಿವರ ನೀಡುವುದು). ಬಲಗಡೆ ಇಲಾಖೆ ಬರೆಯುತ್ತದೆ: (ಅ) ಬಂದಿದೆ. (ಆ) ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ. (ಇ) ಉದ್ಭವಿಸುವುದಿಲ್ಲ.

ಈ ಮೂರು ಸಾಲಿನ ಪ್ರತಿಭೆಯನ್ನು ಗಮನಿಸಬೇಕು. ಮೊದಲ ಸಾಲಿನಲ್ಲಿ ಒಪ್ಪಿಕೊಂಡು ಶಾಸಕರ ಸಿಟ್ಟು ಇಳಿಸಲಾಗಿದೆ. ಎರಡನೆಯದರಲ್ಲಿ ಕ್ರಮ ಇದೆ, ಆದರೆ ಅದು ವರ್ತಮಾನದಲ್ಲಿ ಸದಾ ನಡೆಯುತ್ತಿರುವ ಕ್ರಿಯೆ. ಯಾರು, ಎಂದು, ಎಷ್ಟು ಹಣದಲ್ಲಿ ಎಂಬ ಕ್ಷುದ್ರ ವಿವರಗಳಿಲ್ಲ. ಕ್ರಮ ವಹಿಸಲಾಗುತ್ತಿರುವುದರಿಂದ ಕ್ರಮ ವಹಿಸದಿರುವ ಕಾರಣ ಕೇಳುವ ಮೂರನೇ ಭಾಗ ತಾನಾಗಿಯೇ ಸತ್ತುಹೋಗುತ್ತದೆ. ಮಳೆಗಾಲದಲ್ಲಿ ಶಾಲೆಯ ಮಾಡು ಬೀಳುತ್ತದೆ, ಮುಂದಿನ ಅಧಿವೇಶನದಲ್ಲಿ ಅದೇ ಶಾಸಕರು ಅದೇ ಪ್ರಶ್ನೆ ಕೇಳುತ್ತಾರೆ, ಬಲಗಡೆಯ ಕಾಲಂ ಹಳೆಯ ಫೈಲಿನಿಂದ ನಕಲಾಗಿ ಬರುತ್ತದೆ. ಪಕ್ಷ ಬದಲಾದರೆ ಎಡಗಡೆ ಕೂತಿದ್ದವರು ಬಲಗಡೆಗೆ ಬರುತ್ತಾರೆ. ಬಲಗಡೆಯ ವಾಕ್ಯ ಮಾತ್ರ ಕದಲುವುದಿಲ್ಲ. ರಾಜ್ಯದಲ್ಲಿ ಸ್ಥಿರ ಸರ್ಕಾರ ಇರುವುದು ಅಲ್ಲೊಂದೇ ಕಡೆ.

ದೆಹಲಿಯಲ್ಲೂ ಈ ಮೂರನೇ ಸಾಲಿಗೆ ದೊಡ್ಡ ಭವಿಷ್ಯವಿತ್ತು. ಅದು ಖುಲಾಯಿಸಿದ್ದು 2020ರಲ್ಲಿ. ಕೋವಿಡ್ ನೆಪದಲ್ಲಿ ಸೆಪ್ಟೆಂಬರ್ ಅಧಿವೇಶನದ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟು, ಲಿಖಿತ ಉತ್ತರ ಮಾತ್ರ ಸಾಕು ಎಂದರು. ಹಾಗೆ ಕೈಬಿಟ್ಟದ್ದು ಅದೇ ಮೊದಲಲ್ಲ: 1962ರ ಚೀನಾ ಯುದ್ಧದಲ್ಲೂ 1975ರ ತುರ್ತುಪರಿಸ್ಥಿತಿಯಲ್ಲೂ ಆಗಿತ್ತು. ದೇಶಕ್ಕೆ ದೊಡ್ಡ ಪ್ರಶ್ನೆ ಎದುರಾದಾಗಲೆಲ್ಲ ಸರ್ಕಾರಕ್ಕೆ ಪ್ರಶ್ನೆ ಎದುರಾಗಬಾರದು ಎಂಬುದು ನಮ್ಮ ಹಳೆಯ ಸಂಪ್ರದಾಯ.

ಆ ವರ್ಷ ಏಪ್ರಿಲ್‌ನಲ್ಲಿ ಸೂರತ್‌ನ ಬೀದಿಗಳಲ್ಲಿ ವಲಸೆ ಕಾರ್ಮಿಕರು ಊರಿಗೆ ಕಳಿಸಿ ಎಂದು ರೊಚ್ಚಿಗೆದ್ದದ್ದನ್ನು ದೇಶವೇ ನೋಡಿತ್ತು. ಮಗ್ಗ ನಿಂತಿತ್ತು, ಕೂಲಿ ನಿಂತಿತ್ತು, ರೈಲೂ ನಿಂತಿತ್ತು. ನಡೆದು ಹೊರಟವರಲ್ಲಿ ಎಷ್ಟು ಜನ ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿರಾ ಎಂದು ಸಂಸದರು ಕೇಳಿದರು. ಸೆಪ್ಟೆಂಬರ್ 14ರಂದು ಕಾರ್ಮಿಕ ಸಚಿವ ಸಂತೋಷ್ ಗಂಗ್ವಾರ್ ಲಿಖಿತವಾಗಿ ಉತ್ತರಿಸಿದರು: ಅಂಥ ದತ್ತಾಂಶ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಊರಿಗೆ ಮರಳಿದ ಒಂದು ಕೋಟಿಗೂ ಹೆಚ್ಚು ಕಾರ್ಮಿಕರ ರಾಜ್ಯವಾರು ಲೆಕ್ಕ ಸರ್ಕಾರದ ಬಳಿ ಇತ್ತು. ತಲುಪಿದವರನ್ನು ಎಣಿಸಲು ಬಂತು, ತಲುಪದವರನ್ನು ಎಣಿಸಲು ಬರಲಿಲ್ಲ. ಅದೇ ವಾರ ರೈಲ್ವೆ ಸಚಿವ ಪೀಯೂಷ್ ಗೋಯಲ್ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಶ್ರಮಿಕ ವಿಶೇಷ ರೈಲುಗಳಲ್ಲಿ 97 ಮಂದಿ ಸತ್ತ ಲೆಕ್ಕವಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಭವನದಲ್ಲಿ ಉದ್ಭವಿಸಿದ 97 ಹೆಣಗಳು ದೆಹಲಿಯದೇ ಇನ್ನೊಂದು ಭವನದಲ್ಲಿ ಉದ್ಭವಿಸಲಿಲ್ಲ.

ಮರುವರ್ಷದ ನವೆಂಬರ್ ಕೊನೆಗೆ, ದೆಹಲಿಯ ಗಡಿಯಲ್ಲಿ ವರ್ಷವಿಡೀ ಕೂತಿದ್ದ ರೈತರಲ್ಲಿ ಸತ್ತವರಿಗೆ ಪರಿಹಾರವೇನು ಎಂದು ಕೇಳಿದಾಗಲೂ ಕೃಷಿ ಸಚಿವಾಲಯ ಇದೇ ಮದ್ದು ಅರೆಯಿತು. ದಾಖಲೆ ಇಲ್ಲ, ಪ್ರಶ್ನೆ ಉದ್ಭವಿಸುವುದಿಲ್ಲ. ಸೂತ್ರ ಬಹಳ ಸುಲಭ: ಎಣಿಸದಿದ್ದರೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದಿದ್ದರೆ ಸಾವಿಲ್ಲ, ಸಾವಿಲ್ಲದಿದ್ದರೆ ಪರಿಹಾರವಿಲ್ಲ. ಸಾವಿತ್ರಿಯೂ ಯಮನನ್ನು ಇಷ್ಟು ಚುಟುಕಾಗಿ ಸೋಲಿಸಲಿಲ್ಲ.

ಈ ವಿದ್ಯೆಯ ಶಿಖರ ಮಾತ್ರ ನಮ್ಮ ಚಾಮರಾಜನಗರದ ಮೇಲೆ ನಿಂತಿದೆ. 2021ರ ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ತೀರಿತು. ಒಂದೇ ದಿನದಲ್ಲಿ 24 ರೋಗಿಗಳು ಸತ್ತರೆಂದು ಸುದ್ದಿಯಾಯಿತು. ಮೈಸೂರಿನಿಂದ ಸಿಲಿಂಡರ್ ಬಂತೇ ಇಲ್ಲವೇ, ಕಳಿಸಿದವರು ಯಾರು, ತಡೆದವರು ಯಾರು ಎಂದು ಎರಡು ಜಿಲ್ಲೆಗಳ ಆಡಳಿತ ಕಿತ್ತಾಡಿತು. ಆಮ್ಲಜನಕವಿಲ್ಲದೆ ಸತ್ತವರು ಮೂರೇ ಮಂದಿ ಎಂದು ರಾಜ್ಯ ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಹೋಗಿ ನೋಡಿ, ಆಮ್ಲಜನಕದ ಕೊರತೆಯಿಂದ ಸತ್ತವರು 36 ಎಂದು ವರದಿ ಕೊಟ್ಟಿತು.

ಜುಲೈ 20ರಂದು ರಾಜ್ಯಸಭೆಗೆ ಆರೋಗ್ಯ ರಾಜ್ಯ ಸಚಿವೆ ಭಾರತಿ ಪವಾರ್ ಲಿಖಿತ ಉತ್ತರ ಕೊಟ್ಟರು. ಆರೋಗ್ಯ ರಾಜ್ಯಗಳ ವಿಷಯ. ಆಮ್ಲಜನಕದ ಕೊರತೆಯಿಂದಲೇ ಸಾವಾಯಿತೆಂದು ಯಾವ ರಾಜ್ಯವೂ ಕೇಂದ್ರಾಡಳಿತ ಪ್ರದೇಶವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಇಲ್ಲೂ ಸುಳ್ಳಿಲ್ಲ, ಹುಡುಕಿದರೂ ಸಿಗುವುದಿಲ್ಲ. ಸತ್ತಿಲ್ಲ ಎಂದು ಸಚಿವೆ ಹೇಳಲಿಲ್ಲ. ಹಾಗೆಂದು ನಮಗೆ ಯಾರೂ ಹೇಳಿಲ್ಲ ಎಂದರು. ಮನೆಯ ಯಜಮಾನನನ್ನು ಕಳೆದುಕೊಂಡ ಹೆಂಗಸು ಚಾಮರಾಜನಗರದಲ್ಲಿ ಕೂತು ಈ ವಾಕ್ಯವನ್ನು ಎಷ್ಟು ಸಲ ಓದಿದರೂ ತನ್ನ ಗಂಡ ಯಾವುದರಿಂದ ಸತ್ತ ಎಂಬುದು ಅವಳಿಗೆ ತಿಳಿಯುವುದಿಲ್ಲ. ರಾಜ್ಯ ಕೇಂದ್ರದ ಕಡೆ, ಕೇಂದ್ರ ರಾಜ್ಯದ ಕಡೆ ಬೆರಳು ತೋರಿಸುವಾಗ ಎರಡೂ ಬೆರಳುಗಳ ನಡುವಿನ ಜಾಗದಲ್ಲಿ 36 ಮಂದಿಯನ್ನು ಹೂಳಬಹುದು ಎಂದು ಗೊತ್ತಾದದ್ದು ಅವತ್ತೇ.

ಹಾಗಾದರೆ ಪ್ರಶ್ನೆಯಿಂದ ಯಾರಿಗೂ ಏನೂ ಆಗುವುದಿಲ್ಲವೇ? ಆಗುತ್ತದೆ. ಕೇಳಿದವರಿಗೆ ಆಗುತ್ತದೆ.

ಇದರ ಆದಿಪುರುಷರು ನಮ್ಮ ಕಡೆಯ ಹೆಸರಿನವರೇ. ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ನ್ಯೂಯಾರ್ಕಿನಲ್ಲಿ ಮಾರ್ಕಸ್ ಗಾರ್ವಿಯ ‘ನೀಗ್ರೋ ವರ್ಲ್ಡ್’ ಪತ್ರಿಕೆಯ ಸಂಪಾದಕರಾಗಿದ್ದು, ಆಮೇಲೆ ಭಾರತಕ್ಕೆ ಮರಳಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದವರು. ಮುಂಬೈಯ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸದನದಲ್ಲಿ ಪ್ರಶ್ನೆ ಕೇಳಿದರೆಂಬ ಆರೋಪ ಬಂತು. ವಿಚಾರಣಾ ಸಮಿತಿ ತಪ್ಪಿತಸ್ಥರೆಂದಿತು. 1951ರಲ್ಲಿ ಸದನ ಹೊರಹಾಕುವ ಹೊತ್ತಿಗೆ ಅವರೇ ರಾಜೀನಾಮೆ ಕೊಟ್ಟರು. ಆ ಸಮಿತಿಯ ಅಧ್ಯಕ್ಷರ ಹೆಸರು ಟಿ.ಟಿ. ಕೃಷ್ಣಮಾಚಾರಿ.

ಆರು ವರ್ಷ ಕಳೆಯಿತು. ಕೃಷ್ಣಮಾಚಾರಿ ಹಣಕಾಸು ಸಚಿವರಾಗಿದ್ದರು. ಹೊಸದಾಗಿ ರಾಷ್ಟ್ರೀಕರಣವಾಗಿದ್ದ ಎಲ್‌ಐಸಿ, ಹರಿದಾಸ್ ಮುಂಧ್ರಾ ಎಂಬ ಸಟ್ಟಾ ವ್ಯಾಪಾರಿಯ ಮುಳುಗುತ್ತಿದ್ದ ಕಂಪನಿಗಳಲ್ಲಿ ಪಾಲಿಸಿದಾರರ ಒಂದು ಕೋಟಿಗೂ ಮಿಕ್ಕಿದ ಹಣ ಸುರಿದಿತ್ತು. 1957ರಲ್ಲಿ ರಾಮ್ ಸುಭಗ್ ಸಿಂಗ್ ಸದನದಲ್ಲಿ ಪ್ರಶ್ನೆ ಕೇಳಿದರು. ಉತ್ತರ ಜಾರಿಕೊಂಡಿತು. ಜಾರಿದ ಉತ್ತರವನ್ನು ಫಿರೋಜ್ ಗಾಂಧಿ ಹಿಡಿದುಕೊಂಡರು. ಆಡಳಿತ ಪಕ್ಷದ ಸದಸ್ಯ, ಪ್ರಧಾನಿಯ ಅಳಿಯ. ಡಿಸೆಂಬರ್ 16ರಂದು ಅವರು ಎದ್ದು ನಿಂತಾಗ ಹಳೆಯ ಉತ್ತರಕ್ಕೂ ನಿಜಕ್ಕೂ ಇದ್ದ ಅಂತರ ಸದನದ ಎದುರು ಬಯಲಾಯಿತು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿ ತಿಂಗಳೊಳಗೆ ಮುಗಿಸಿದರು. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳಿದವರನ್ನು ಮನೆಗೆ ಕಳಿಸಿದ ಸಮಿತಿಯ ಅಧ್ಯಕ್ಷರನ್ನು ಒಂದು ಪ್ರಶ್ನೆಯೇ ಮನೆಗೆ ಕಳಿಸಿತು. 1962ಕ್ಕೆ ಅವರು ಮತ್ತೆ ಮಂತ್ರಿಮಂಡಲದಲ್ಲಿದ್ದರು ಎಂಬುದು ಬೇರೆ ಮಾತು.

ಆಮೇಲೆ ಎರಡೂ ಬದಿಯ ಲೆಕ್ಕ ಸಮವಾಗಿ ನಡೆಯಲಿಲ್ಲ. ಕೇಳುವವರ ಬದಿಯ ಪಟ್ಟಿ ಬೆಳೆಯಿತು. 2005ರ ಡಿಸೆಂಬರ್‌ನಲ್ಲಿ ಗುಪ್ತ ಕ್ಯಾಮೆರಾದೆದುರು ಪ್ರಶ್ನೆಗೆ ಹಣ ಪಡೆದ 11 ಸಂಸದರನ್ನು ಹನ್ನೊಂದೇ ದಿನಗಳಲ್ಲಿ ಉಚ್ಚಾಟಿಸಿದರು. ತಪ್ಪೇನಿಲ್ಲ, ಪ್ರಶ್ನೆ ಮಾರಿಕೊಂಡವರಿಗೆ ಅದೇ ಸರಿ. 2023ರ ಡಿಸೆಂಬರ್ 8ರಂದು ಸಂಸದೆ ಮಹುವಾ ಮೊಯಿತ್ರಾ ಉಚ್ಚಾಟನೆಯಾಗಿ ಹೋದರು. ಪ್ರಶ್ನೆ ಹಾಕುವ ಲಾಗಿನ್ ಇನ್ನೊಬ್ಬರಿಗೆ ಕೊಟ್ಟದ್ದೂ ಅದರಲ್ಲಿ ಒಂದು ಅಪರಾಧ. ಅದೇ ತಿಂಗಳು ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದಾಗ ಅವರ ಹೆಸರಿನಲ್ಲಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ಅಳಿಸಲಾಯಿತು. ಸದಸ್ಯ ಗಲಾಟೆ ಮಾಡಿದ್ದಿರಬಹುದು. ಹದಿನೈದು ದಿನ ಮೊದಲೇ ಶಿಸ್ತಾಗಿ ಅರ್ಜಿ ಹಾಕಿ ಸಾಲಿನಲ್ಲಿ ನಿಂತಿದ್ದ ಪ್ರಶ್ನೆ ಏನು ಗಲಾಟೆ ಮಾಡಿತ್ತೋ ತಿಳಿಯದು.

ಇನ್ನೊಂದು ಬದಿಯ ಪಟ್ಟಿ, ಅಂದರೆ ಉತ್ತರದಲ್ಲಿ ಉತ್ತರವಿಲ್ಲವೆಂಬ ಒಂದೇ ಕಾರಣಕ್ಕೆ ಕುರ್ಚಿ ಕಳೆದುಕೊಂಡ ಮಂತ್ರಿಗಳ ಪಟ್ಟಿಯನ್ನು ಅನುಬಂಧದಲ್ಲಿ ಕೊಡಬಹುದಿತ್ತು. ಉದ್ಭವಿಸುವುದಿಲ್ಲ.

ಹಾಗೆಂದು ಹಿರಿಯರು ಇದನ್ನೆಲ್ಲ ಊಹಿಸಿರಲಿಲ್ಲ ಎನ್ನುವಂತಿಲ್ಲ. ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರ್ ಇದೇ ಅಹಮದಾಬಾದಿನ ವಕೀಲರು. ಮಂತ್ರಿಗಳು ಸದನದಲ್ಲಿ ಪರಿಶೀಲಿಸುತ್ತೇವೆ, ಮಾಹಿತಿ ಸಂಗ್ರಹಿಸುತ್ತೇವೆ ಎಂದು ಹೇಳಿ ಹೊರಗೆ ಹೋಗಿ ಮರೆಯುತ್ತಾರೆ ಎಂಬುದು ಅವರ ಕಾಲಕ್ಕೇ ಗೊತ್ತಾಗಿತ್ತು. 1953ರ ಡಿಸೆಂಬರ್ 1ರಂದು ಸರ್ಕಾರದ ಭರವಸೆಗಳ ಸಮಿತಿ ಹುಟ್ಟಿತು. ಮಂತ್ರಿಯ ಬಾಯಿಂದ ಯಾವ ಯಾವ ಮಾತು ಬಂದರೆ ಅದನ್ನು ಭರವಸೆ ಎಂದು ಹಿಡಿಯಬೇಕು ಎಂಬುದಕ್ಕೂ ಒಂದು ಪಟ್ಟಿ ಇದೆ. ವಿಷಯ ಪರಿಶೀಲನೆಯಲ್ಲಿದೆ ಎಂದರೆ ಭರವಸೆ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದರೂ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿಸದಿದ್ದರೆ ಸಮಿತಿ ಕರೆದು ಕೇಳುತ್ತದೆ.

ಸಚಿವಾಲಯಗಳು ಎರಡು ದಾರಿ ಹುಡುಕಿಕೊಂಡವು. ಒಂದು, ಭರವಸೆಯನ್ನು ಕೈಬಿಡಿ ಎಂದು ಆ ಸಮಿತಿಗೇ ಅರ್ಜಿ ಹಾಕುವುದು. ಭರವಸೆ ಕೊಟ್ಟವರೇ ಬಂದು ನಮ್ಮಿಂದಾಗದು, ದಯವಿಟ್ಟು ಪಟ್ಟಿಯಿಂದ ತೆಗೆಯಿರಿ ಎಂದು ಬೇಡುವ ಈ ವ್ಯವಹಾರಕ್ಕೆ ಸಮಿತಿಯ ಎಷ್ಟೋ ವರದಿಗಳು ಮೀಸಲಾಗಿವೆ. ಸಾಲಗಾರ ಬ್ಯಾಂಕಿಗೆ ಹೀಗೆ ಬರೆದರೆ ಮನೆ ಜಪ್ತಿಯಾಗುತ್ತದೆ. ಇನ್ನೊಂದು ದಾರಿ ಹೆಚ್ಚು ನಯವಾದದ್ದು: ಪಟ್ಟಿಯಲ್ಲಿರುವ ಮಾತುಗಳನ್ನೇ ಬಳಸದಿರುವುದು. ಎಲ್ಲ ಮುಗಿದ ಮೇಲೆ ಯಾವಾಗ ಮುಗಿಯುತ್ತದೆಂದು ತಿಳಿಯುತ್ತದೆ ಎಂಬ ವಾಕ್ಯವನ್ನು ಯಾವ ಸಮಿತಿ ಹೇಗೆ ಭರವಸೆ ಎಂದು ಹಿಡಿದೀತು? ಅದರಲ್ಲಿ ಈಡೇರಿಸಬೇಕಾದದ್ದು ಏನೂ ಇಲ್ಲ. ಆ ವಾಕ್ಯ ಬರೆದ ಅಧಿಕಾರಿಗೆ ಪದ್ಮ ಪ್ರಶಸ್ತಿ ಬರದಿದ್ದರೆ ಅದು ಕನ್ನಡಿಗರೂ ಗುಜರಾತಿಗಳೂ ಒಟ್ಟಾಗಿ ಹೋರಾಡಬೇಕಾದ ಅನ್ಯಾಯ.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕಟ್ಟಿದಾಗ ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ತಾಲ್ಲೂಕುಗಳಿಂದ ಬಂದವರು ದಸರೆಯ ಹೊತ್ತಿಗೆ ಸೇರಿ ಕೆರೆ, ಕಂದಾಯ, ರಸ್ತೆಯ ಅಹವಾಲುಗಳನ್ನು ದಿವಾನರ ಎದುರು ಇಡಬಹುದಿತ್ತು, ಅಷ್ಟೇ. ಒಂದೂವರೆ ಶತಮಾನದ ಹತ್ತಿರ ಬಂದಿದ್ದೇವೆ. ಈಗ ನಮ್ಮ ಪ್ರತಿನಿಧಿಗಳಿಗೆ ಕಾನೂನು ಮಾಡುವ, ಬಜೆಟ್ ತಡೆಯುವ, ಸರ್ಕಾರ ಬೀಳಿಸುವ ಅಧಿಕಾರವೆಲ್ಲ ಇದೆ. ದಿವಾನರನ್ನು ಎದುರಿಗೆ ಕೂರಿಸಿ ಅಹವಾಲಿಗೆ ಉತ್ತರ ಪಡೆಯುವುದೊಂದು ಮಾತ್ರ ಕಷ್ಟವಾಗಿದೆ.

ಸಂಸದರ ಪಾಡು ಇದಾದರೆ ನಮ್ಮಂಥವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇತ್ತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಅದರ ಎಂಟನೇ ಸೆಕ್ಷನ್ನಿನಲ್ಲಿ ಒಂದು ಚಿನ್ನದಂಥ ಸಾಲಿತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಕೂಡದು. ಸಂಸತ್ತನ್ನೂ ಬೀದಿಯ ಮನುಷ್ಯನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ ಸಾಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಜಾಗವನ್ನು ತಿದ್ದುವಾಗ ಆ ಸಾಲನ್ನೂ ಕಿತ್ತುಹಾಕಿತು. ಬೆಂಚು ಖಾಲಿಯಾಯಿತು.

ಕೇಳಿದವರಿಗೆ ಶಿಕ್ಷೆ ಎಂಬ ಸಂಪ್ರದಾಯ ಈ ಬದಿಗೂ ಹಬ್ಬಿದೆ. ಗುಜರಾತ್ ಮಾಹಿತಿ ಆಯೋಗ ಹತ್ತು ಮಂದಿ ಅರ್ಜಿದಾರರಿಗೆ ಇನ್ನು ಅರ್ಜಿ ಹಾಕಲೇಬೇಡಿ ಎಂದು ನಿರ್ಬಂಧ ಹಾಕಿದ್ದು 2022ರಲ್ಲಿ ಸುದ್ದಿಯಾಯಿತು. ಅದು ಶಿಕ್ಷೆಯ ಹಗುರ ರೂಪ. ಗಿರ್ ಕಾಡಿನ ಸುತ್ತಲಿನ ಅಕ್ರಮ ಗಣಿಗಾರಿಕೆಯನ್ನು ಬೆನ್ನಟ್ಟಿದ್ದ ಮಾಹಿತಿ ಹಕ್ಕು ಕಾರ್ಯಕರ್ತ ಅಮಿತ್ ಜೇಠ್ವಾ ಅವರನ್ನು 2010ರ ಜುಲೈನಲ್ಲಿ ಗುಂಡಿಟ್ಟು ಕೊಂದದ್ದು ಅಹಮದಾಬಾದಿನ ಹೈಕೋರ್ಟಿನ ಎದುರಿಗೇ. ಇಲ್ಲಿ ವ್ಯಂಗ್ಯಕ್ಕೆ ಕೆಲಸವಿಲ್ಲ.

ಆದರೆ ಅದೇ ಕಾಯ್ದೆಯ ಇಪ್ಪತ್ತನೇ ಸೆಕ್ಷನ್ ಇನ್ನೂ ಉಳಿದಿದೆ. ಸಕಾರಣವಿಲ್ಲದೆ ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಒಟ್ಟು 25,000 ರೂಪಾಯಿವರೆಗೆ ದಂಡ. ನಮ್ಮ ಗ್ರಾಮ ಪಂಚಾಯಿತಿಯ ಪಿಡಿಒ ಒಂದು ಚರಂಡಿಯ ಬಿಲ್ಲಿನ ನಕಲು ತಡಮಾಡಿದರೆ ಸ್ವಂತ ಸಂಬಳದಿಂದ ಈ ದಂಡ ಕಟ್ಟಬೇಕು. ಲಕ್ಷ ಕೋಟಿ ರೂಪಾಯಿಯ ಯೋಜನೆಯ ಬಗ್ಗೆ, ಆಸ್ಪತ್ರೆಯಲ್ಲಿ ಉಸಿರು ಸಿಗದೆ ಸತ್ತವರ ಬಗ್ಗೆ ದೇಶದ ಸಂಸತ್ತು ಕೇಳಿದಾಗ ಖಾಲಿ ವಾಕ್ಯ ಕೊಟ್ಟ ಮಂತ್ರಿಗೆ ಎಷ್ಟು? ಸೊನ್ನೆ. ಚರಂಡಿಗೆ ಇರುವ ಹೊಣೆಗಾರಿಕೆ ಕ್ಯಾಬಿನೆಟ್ಟಿಗೆ ಇಲ್ಲ.

ಬೇಕಾಗಿರುವುದು ದೊಡ್ಡ ಸುಧಾರಣೆಯಲ್ಲ. ಲಿಖಿತ ಉತ್ತರದಲ್ಲಿ ಕೇಳಿದ್ದಕ್ಕೆ ಉತ್ತರವಿದೆಯೇ ಎಂದು ನೋಡಿ, ಇಲ್ಲವಾದರೆ ವಾಪಸು ಕಳಿಸುವ ಅಧಿಕಾರವನ್ನು ಒಂದು ಸರ್ವಪಕ್ಷ ಸಮಿತಿಗೆ ಕೊಡಲಿ. ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕಿರಲಿ. ಎರಡನೇ ಸಲವೂ ಖಾಲಿ ಬಂದರೆ ಪಿಡಿಒ ಕಟ್ಟುವ ದಂಡವನ್ನೇ ಮಂತ್ರಿಯೂ ತನ್ನ ಜೇಬಿನಿಂದ ಕಟ್ಟಲಿ. ಮೊತ್ತ ಸಣ್ಣದು, ಆದರೆ ರಸೀದಿಯಲ್ಲಿ ಹೆಸರಿರುತ್ತದೆ. ಯಾವ ಪಕ್ಷವೂ ಇದನ್ನು ತಾನಾಗಿ ಮಾಡುವುದಿಲ್ಲ, ಏಕೆಂದರೆ ಎಲ್ಲ ಪಕ್ಷವೂ ಒಂದು ದಿನ ಬಲಗಡೆಯ ಕಾಲಮ್ಮಿಗೆ ಬರುವ ಆಸೆಯಲ್ಲಿರುತ್ತದೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ಸಂಸದರು ಕೇಳಿದ ಪ್ರತಿ ಪ್ರಶ್ನೆ, ಅದಕ್ಕೆ ಬಂದ ಪ್ರತಿ ಉತ್ತರ ಸಂಸತ್ತಿನ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಿಮ್ಮ ಕ್ಷೇತ್ರದವರ ಹೆಸರು ಹಾಕಿ ನೋಡಿ. ಅವರು ಏನು ಕೇಳಿದರು, ಏನು ಉತ್ತರ ಬಂತು, ಖಾಲಿ ಉತ್ತರ ಬಂದ ಮೇಲೆ ಸುಮ್ಮನಾದರೇ ಇಲ್ಲ ಬೆನ್ನಟ್ಟಿದರೇ ಎಂದು ಓದಿ. ಮುಂದಿನ ಚುನಾವಣೆಯಲ್ಲಿ ಅವರು ಕೈಮುಗಿದು ಮನೆಗೆ ಬಂದಾಗ ಆ ಹಾಳೆಯನ್ನು ಎದುರಿಗಿಟ್ಟು, 150 ಪದದೊಳಗೆ, ವ್ಯಂಗ್ಯವಿಲ್ಲದೆ ಕೇಳಿ.